ಹಾರದೆ ಬರೆದ ಗಂಟೆಗಳು

ಮೊದಲ ಕೆಲಸವನ್ನು ನಾನು ಆರಿಸಿಕೊಂಡದ್ದು ಅಂಗಿಯ ಆಸೆಗೆ. ಹೆಗಲ ಮೇಲೆ ಚಿನ್ನದ ಬಣ್ಣದ ನಾಲ್ಕು ಪಟ್ಟಿಗಳಿದ್ದ ಬಿಳಿ ಅಂಗಿ ಅದು. ಬೇರೆ ಕಾರಣಗಳನ್ನೂ ಆಗ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಅವೆಲ್ಲ ಸುಳ್ಳು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದರಾಸಿನ ಮೀನಂಬಾಕ್ಕಂ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ನಮ್ಮ ಫ್ಲೈಯಿಂಗ್ ಕ್ಲಬ್ಬಿನ ತಗಡಿನ ಹ್ಯಾಂಗರ್ ಇತ್ತು. ಕಲಿಯುವ ಖರ್ಚಿನಲ್ಲಿ ದೊಡ್ಡ ಪಾಲನ್ನು ಸರ್ಕಾರವೇ ಹೊರುತ್ತಿದ್ದುದರಿಂದ ರೈಲ್ವೆ ಗುಮಾಸ್ತನ ಮಗನಾದ ನಾನೂ ಅಲ್ಲಿ ಸೇರಿ ವಿಮಾನ ಹಾರಿಸಲು ಕಲಿತೆ. ಸಂಬಳಕ್ಕೆ ಹಾರಿಸಬಹುದಾದ ಲೈಸೆನ್ಸೂ ಸಿಕ್ಕಿತು. ಆದರೆ ಏರ್‌ಲೈನಿನವರು ಬರೀ ಲೈಸೆನ್ಸ್ ನೋಡಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಲಾಗ್‌ಬುಕ್ಕನ್ನು. ಎಂದು ಹಾರಿದೆ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಗಾಳಿಯಲ್ಲಿದ್ದೆ ಎಂದು ಪೈಲಟ್ ತಾನೇ ಬರೆದು, ವಿಮಾನದ ಮಾಲೀಕರಿಂದ ಸಹಿ ಹಾಕಿಸಿಕೊಳ್ಳುವ ಪುಸ್ತಕ ಅದು. ಅದರಲ್ಲಿ ಏರ್‌ಲೈನ್ ಕೇಳುವಷ್ಟು ಗಂಟೆಗಳು ತುಂಬುವವರೆಗೆ ಎಲ್ಲಾದರೂ ಹಾರುತ್ತಿರಬೇಕು.

ಎಲ್ಲಿ ಎಂಬುದೇ ಪ್ರಶ್ನೆ. ಆ ವರ್ಷ ನಮ್ಮ ಮುಂದೆ ಮೂರು ಕೆಲಸಗಳಿದ್ದವು. ಕ್ಲಬ್ಬಿನಲ್ಲೇ ಸಹಾಯಕ ಶಿಕ್ಷಕನಾಗಿ ಉಳಿಯಬಹುದಿತ್ತು. ಹೊಲಗಳ ಮೇಲೆ ವಿಮಾನದಿಂದ ಕೀಟನಾಶಕ ಸಿಂಪಡಿಸುವ ಒಂದು ಕಂಪನಿಗೆ ಸೇರಬಹುದಿತ್ತು. ಇಲ್ಲವೇ ನುಂಗಂಬಾಕ್ಕಂನಲ್ಲಿದ್ದ ಒಬ್ಬ ಗಿರಣಿ ಮಾಲೀಕರ ಸ್ವಂತ ವಿಮಾನಕ್ಕೆ ಪೈಲಟ್ ಆಗಬಹುದಿತ್ತು. ನಾಲ್ಕು ಸೀಟಿನ ಅಮೆರಿಕದ ವಿಮಾನ, ಹೊಸದು. ಒಳಗಿನ ಚರ್ಮದ ವಾಸನೆಗೇ ನನ್ನ ತಲೆ ತಿರುಗಿತ್ತು.

ಕ್ಲಬ್ಬಿನ ಹಿರಿಯ ಶಿಕ್ಷಕರನ್ನು ಕೇಳಿದೆ. ಯುದ್ಧಕಾಲದಲ್ಲಿ ಬರ್ಮಾ ಗಡಿಯವರೆಗೆ ವಿಮಾನದಲ್ಲಿ ಸಾಮಾನು ಸಾಗಿಸಿದ್ದವರಂತೆ. ಈಗ ಐವತ್ತು ದಾಟಿ, ಖಾಕಿ ಚಡ್ಡಿ ಹಾಕಿಕೊಂಡು, ತೂತುಬಿದ್ದ ಬನಿಯನ್ನಿನಲ್ಲಿ ಹ್ಯಾಂಗರಿನ ಬಾಗಿಲಲ್ಲಿ ಕೂತು ಸುರುಟ್ಟು ಸೇದುತ್ತಿದ್ದರು. ಮುಂದಿನ ಒಂದು ಹಲ್ಲು ಇರಲಿಲ್ಲ.

“ತಂಬಿ, ಸ್ಪ್ರೇಯಿಂಗ್‌ಗೆ ಹೋಗು,” ಎಂದರು. ತಮಿಳಿನವರಾದರೂ ನನ್ನೊಡನೆ ಮುರುಕು ಕನ್ನಡದಲ್ಲೇ ಮಾತಾಡುವ ಚಪಲ ಅವರಿಗೆ. “ಒಂದು ಬೆಳಿಗ್ಗೆಗೆ ಮೂವತ್ತು ಸಲ ಏರ್ತೀಯ, ಮೂವತ್ತು ಸಲ ಇಳೀತೀಯ. ಗಾಳಿ ಅಂದ್ರೆ ಏನು ಅಂತ ಆಗ ತಿಳಿಯತ್ತೆ. ಪೆರಿಯ ಮನುಷ್ಯರ, ದೊಡ್ಡವರ ವಿಮಾನ ಹ್ಯಾಂಗರಲ್ಲಿ ನಿಂತಿರತ್ತೆ. ನೀನು ಅದರ ಪಕ್ಕ ನಿಂತಿರ್ತೀಯ.”

“ಏರ್‌ಲೈನಿನಲ್ಲಿ ಯಾರೂ ಕಡಲೆಕಾಯಿ ಹೊಲಕ್ಕೆ ಔಷಧಿ ಹೊಡೆಯೋದಿಲ್ಲವಲ್ಲ ಸರ್,” ಎಂದೆ.

ಅವರು ಹೊಗೆ ಬಿಟ್ಟರು. ಏರ್‌ಲೈನಿನ ಬಾಗಿಲನ್ನು ಒಮ್ಮೆಯೂ ದಾಟದ ಈ ಮುದುಕ ನನಗೆ ದಾರಿ ತೋರಿಸುವುದಕ್ಕೆ ಬಂದಿದ್ದಾನೆ ಎಂದುಕೊಂಡೆ. ಎದ್ದು ಬರುವಾಗ ನಮಸ್ಕಾರ ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿರಲಾರೆ.

ನನ್ನ ಜೊತೆಗೇ ಲೈಸೆನ್ಸ್ ಪಡೆದವನು ಒಬ್ಬನಿದ್ದ. ಉಡುಪಿ ಕಡೆಯವನು. ಅವನ ತಂದೆ ಮಾಂಬಲಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿ, ಆಮೇಲೆ ಅಲ್ಲೇ ಮೇಲ್ವಿಚಾರಕರಾಗಿದ್ದರು. ಅವನು ಹಿಂದೆಮುಂದೆ ನೋಡದೆ ಸಿಂಪಡಿಸುವ ಕಂಪನಿಗೆ ಅರ್ಜಿ ಹಾಕಿದ.

“ನೀನೂ ಬಾ ಮಾರಾಯ. ಇಬ್ಬರೂ ಒಟ್ಟಿಗೆ ಇರುವ,” ಎಂದ.

“ನಿನಗೆ ವಾಸನೆಯೆಲ್ಲ ಅಭ್ಯಾಸ. ಅಡುಗೆಮನೆ ಹೊಗೆಯಲ್ಲಿ ಬೆಳೆದವನು. ನನಗಾಗೋದಿಲ್ಲ.”

ಅವನು ಸಿಟ್ಟಾಗಲಿಲ್ಲ. “ದೊಡ್ಡವರಿಗೆ ಬಡಿಸಿ ಬಡಿಸಿ ಅಪ್ಪನ ಸೊಂಟ ಹೋಗಿದೆ. ಅವರ ಹಿಂದೆ ನಿಲ್ಲುವ ಕೆಲಸ ನಂಗೆ ಬೇಡ. ನಿಂಗೆ ಬೇಕಾದರೆ ಹೋಗು,” ಎಂದಷ್ಟೇ ಹೇಳಿದ. ಅವನ ಶಾಂತಿಯೂ ನನಗೆ ದಡ್ಡತನದಂತೆ ಕಂಡಿತು. ಆಗ ನನಗೆ ಯಾರು ತಾನೇ ದಡ್ಡರಂತೆ ಕಾಣುತ್ತಿರಲಿಲ್ಲ?

ಮನೆಯಲ್ಲಿ ಅಪ್ಪನೂ ಆ ಸಾಲಿನಲ್ಲಿದ್ದರು. ಹುಬ್ಬಳ್ಳಿಯಿಂದ ಮದರಾಸಿಗೆ ವರ್ಗವಾದಾಗ ನಾನು ಚಿಕ್ಕವನು. ಅಂದಿನಿಂದ ವೆಸ್ಟ್ ಮಾಂಬಲಂನ ಅದೇ ಸಂದಿಯ ಅದೇ ಮಹಡಿಯ ಮನೆ. ಅಪ್ಪನಿಗೆ ಅದೇ ಬೆಳಗಿನ ಎಲೆಕ್ಟ್ರಿಕ್ ರೈಲು, ಅದೇ ಮೇಜು. ಗಿರಣಿ ಮಾಲೀಕರು ಹೊಲಿಸಿಕೊಟ್ಟ ಹೊಸ ಅಂಗಿ ತೊಟ್ಟು ನಾನು ನಡುಮನೆಯಲ್ಲಿ ನಿಂತ ದಿನ ತಂಗಿ ಪುಸ್ತಕದಿಂದ ತಲೆಯೆತ್ತಿ, “ಬ್ಯಾಂಡ್ ಮಾಸ್ಟರ್ ಮಾದಿರಿ ಇರುಕ್ಕು!” ಬ್ಯಾಂಡ್ ಮೇಳದವನ ಹಾಗಿದೆ ಎಂದು ತಮಿಳಿನಲ್ಲಿ ನಕ್ಕಳು. ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಅಭ್ಯಾಸ.

ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಡ್ರೈವರ್ ಕೆಲಸಾನೇ ಹೌದಲ್ಲೋ ಇದು? ರೈಲ್ವೆದಾಗ ಡ್ರೈವರ್ ಆಗಿದ್ದರ ಪುಕ್ಕಟೆ ಪಾಸರ ಸಿಗತಿತ್ತು.”

“ಹಂಗ್ಯಾಕ ಅಂತೀರಿ? ಹುಡುಗ ಮ್ಯಾಲ ಹಾರತಾನ,” ಎಂದಳು ಅವ್ವ.

“ಮ್ಯಾಲ ಹಾರಿದರೂ ಇನ್ನೊಬ್ಬಾಂವನ್ನ ಕೂಡಿಸಿಕೊಂಡು ಅಂವ ಹೇಳಿದಲ್ಲೆ ಹೋಗೋದಲ್ಲೇನು?”

ಇಪ್ಪತ್ತು ವರ್ಷ ಒಂದೇ ಕುರ್ಚಿ ಸವೆಸಿದವರಿಗೆ ಆಕಾಶದ ವಿಷಯ ಏನು ಹೇಳುವುದು ಎಂಬ ಗತ್ತು ನನ್ನದು.

ನುಂಗಂಬಾಕ್ಕಂನ ಬಂಗಲೆಯಲ್ಲಿ ಆ ಗತ್ತಿಗೆ ಮೊದಲ ವಾರದಲ್ಲೇ ಪೆಟ್ಟು ಬಿತ್ತು. ಯಜಮಾನರು ದಪ್ಪಗೆ, ಮೃದು ಮಾತಿನ ಮನುಷ್ಯ. ಅವರಿಗೆ ಮನೆಯಲ್ಲಿ ಮೂರು ಕಾರು, ಮೂವರು ಡ್ರೈವರುಗಳು. ನಾಲ್ಕನೆಯವನು ನಾನು. “ಡ್ರೈವರ್” ಎಂದು ಕರೆಯುವ ದನಿಯಲ್ಲೇ “ಪೈಲಟ್” ಎಂದು ಕೂಗುತ್ತಿದ್ದರು. ಕಾರು ಷೆಡ್ಡಿನ ಪಕ್ಕ ಒಂದು ಬೆಂಚಿತ್ತು. ಯಜಮಾನರಿಗೆ ಎಲ್ಲಿಗಾದರೂ ಹಾರುವ ಮನಸ್ಸು ಬರುವತನಕ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿ ಕೂತಿರಬೇಕು. ಬಿಳಿ ಅಂಗಿಗೆ ಗ್ರೀಸ್ ತಾಗದ ಹಾಗೆ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಊಟ ಹಿಂದಿನ ಜಗಲಿಯಲ್ಲಿ, ಡ್ರೈವರುಗಳ ಜೊತೆ. ಅವರಲ್ಲಿ ಎಲ್ಲರಿಗಿಂತ ಹಿರಿಯವನು ಒಂದು ದಿನ ನನ್ನ ಎಲೆಯತ್ತ ನೋಡುತ್ತಾ, “ಸಾರ್, ನಿಮಗೆ ತಿಂಗಳಿಗೆ ಎಷ್ಟು ಸಲ ಕೆಲಸ ಬರುತ್ತೆ?” ಎಂದು ವಿಚಾರಿಸಿದ. “ಎರಡು ಮೂರು ಸಲ,” ಎಂದೆ. “ನನಗೆ ದಿನಾ ಇರುತ್ತಪ್ಪ,” ಎಂದು ಅನುಕಂಪದಿಂದ ತಲೆಯಾಡಿಸಿದ.

ನಾನೂ ಸೇಡು ತೀರಿಸಿಕೊಳ್ಳುತ್ತಿದ್ದೆ, ಅವರ ಬೆನ್ನ ಹಿಂದೆ. ಯಜಮಾನರು ವಿಮಾನ ಹತ್ತುವಾಗ ಬಾಗಿಲಿಗೆ ಬೆನ್ನು ತಗುಲಿಸಿಕೊಳ್ಳುವುದು, ಅವರ ಹೆಂಡತಿ ಕಣ್ಣು ಮುಚ್ಚಿ ಜಪ ಮಾಡುವುದು, ಬೆಂಗಳೂರಿನ ಕುದುರೆ ಜೂಜಿಗೆ ಜೊತೆಯಲ್ಲಿ ಬರುತ್ತಿದ್ದ ಭಾವಮೈದುನ ಹಾರಿದ ಹತ್ತು ನಿಮಿಷಕ್ಕೇ ವಾಂತಿ ಮಾಡಿ ಇಳಿದ ಮೇಲೆ “ಇಂಜಿನ್ ಸರಿಯಿಲ್ಲ” ಎಂದು ಎಲ್ಲರಿಗೂ ಹೇಳುವುದು, ಎಲ್ಲವನ್ನೂ ಮನೆಯಲ್ಲಿ ನಟಿಸಿ ತೋರಿಸುತ್ತಿದ್ದೆ. ಅವ್ವ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ಆ ಕೆಲಸದ ಪರಮಾವಧಿ ಎಂದರೆ ಯಜಮಾನರ ಮಗಳ ಮದುವೆ. ಮಾಂಗಲ್ಯ ಕಟ್ಟುವ ಹೊತ್ತಿಗೆ ಸರಿಯಾಗಿ ಚಪ್ಪರದ ಮೇಲೆ ಆಕಾಶದಿಂದ ಗುಲಾಬಿ ದಳ ಸುರಿಯಬೇಕೆಂದು ಅವರ ಆಸೆ. ಅದಕ್ಕೆ ಬೇಕಾದ ಅನುಮತಿಯನ್ನು ಯಾರ ಯಾರ ಮನೆಗೋ ಹಣ್ಣಿನ ಬುಟ್ಟಿ ಕಳಿಸಿ ತಂದರು. ದಳಗಳು ಬಾಡಬಾರದೆಂದು ಹೂವಿನವರು ಗೋಣಿಚೀಲಗಳಿಗೆ ಚೆನ್ನಾಗಿ ನೀರು ಚಿಮುಕಿಸಿದ್ದರು. ಚೀಲ ಸುರಿಯುವುದಕ್ಕೆಂದು ಭಾವಮೈದುನ ಹಿಂದಿನ ಸೀಟಿನಲ್ಲಿ ಕೂತಿದ್ದ. ನಾನು ಆದಷ್ಟು ಕೆಳಗಿಳಿದು ಚಪ್ಪರದ ಮೇಲೆ ಬಂದು ಕೈಸನ್ನೆ ಮಾಡಿದೆ. ಅವನು ಚೀಲ ಬಗ್ಗಿಸಿದ. ಒದ್ದೆಯಾಗಿ ಅಂಟಿಕೊಂಡಿದ್ದ ದಳಗಳು ಬಿಡಿಬಿಡಿಯಾಗಿ ಉದುರಲಿಲ್ಲ. ಕಲ್ಲಂಗಡಿ ಗಾತ್ರದ ಮುದ್ದೆಗಳಾಗಿ ಬಿದ್ದವು. ಒಂದು ಪಕ್ಕದ ಬಂಗಲೆಯ ಕಾರಿನ ಮೇಲೆ, ಒಂದು ನಾದಸ್ವರದವರ ಪೆಂಡಾಲಿನ ಮೇಲೆ. ಪೆಂಡಾಲಿನ ಆ ಮೂಲೆ ಕುಸಿದು ಡೋಲಿನವನ ಹೆಗಲ ಮೇಲೆ ಕೂತಿತಂತೆ. ಯಾರಿಗೂ ಗಾಯವಾಗಲಿಲ್ಲ. ಮಾಂಗಲ್ಯ ಕಟ್ಟುವಾಗ ಮಾತ್ರ ವಾದ್ಯ ಇರಲಿಲ್ಲ.

ಸಂಜೆ ಯಜಮಾನರು ಕರೆಸಿದರು. ಬೈಯುತ್ತಾರೆಂದು ಹೋದೆ.

“ಪೈಲಟ್, ಓಡಿಸಿದ್ದು ಚೆನ್ನಾಗಿತ್ತು. ಆದರೆ ಅಲ್ಲಿ ಒಂದು ನಿಮಿಷ ನಿಲ್ಲಿಸಿ ಹಾಕಬೇಕಿತ್ತಪ್ಪ.”

“ವಿಮಾನ ನಿಲ್ಲೋದಿಲ್ಲ ಸರ್.”

“ಹೊಸಾದು ಕೂಡಾನಾ?” ಎಂದು ನಿಜವಾಗಿಯೂ ಬೇಸರಪಟ್ಟುಕೊಂಡರು.

ಹೀಗೆ ಎರಡು ವರ್ಷ ಕಳೆಯಿತು. ಮಳೆಗಾಲದಲ್ಲಿ ಯಜಮಾನರು ಹಾರುತ್ತಿರಲಿಲ್ಲ, ಬೇಸಿಗೆಯಲ್ಲಿ ಊಟಿಗೆ ಕಾರಿನಲ್ಲಿ ಹೋಗುತ್ತಿದ್ದರು. ವಿಮಾನ ಹ್ಯಾಂಗರಿನಲ್ಲಿತ್ತು, ನಾನು ಬೆಂಚಿನಲ್ಲಿದ್ದೆ. ಅಷ್ಟರಲ್ಲಿ ಏರ್‌ಲೈನಿನವರು ಸಹ ಪೈಲಟ್‌ಗಳು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ನನ್ನ ಲಾಗ್‌ಬುಕ್ ತೆಗೆದು ಕೂಡಿಸಿದೆ. ಅವರು ಕೇಳಿದ್ದಕ್ಕಿಂತ ಎಪ್ಪತ್ತು ಗಂಟೆ ಕಡಿಮೆ. ಹೋಟೆಲಿನ ಗೆಳೆಯ ಹೊಲಗಳ ಮೇಲೆ ಅವರು ಕೇಳಿದ್ದರ ಎರಡರಷ್ಟು ಹಾರಿ, ಆಗಲೇ ಅರ್ಜಿ ಹಾಕಿದ್ದಾನೆಂದು ಕ್ಲಬ್ಬಿನಲ್ಲಿ ಯಾರೋ ಹೇಳಿದರು. ಅಂದು ಸಂಜೆ ನನಗೆ ಊಟ ಸೇರಲಿಲ್ಲ.

ಮರುದಿನ ಧೈರ್ಯ ಮಾಡಿ ಯಜಮಾನರ ಬಳಿ ಹೋಗಿ, ಒಂದು ತಿಂಗಳು ದಿನಾ ಬೆಳಿಗ್ಗೆ ವಿಮಾನ ಹಾರಿಸಲು ಬಿಡಬೇಕೆಂದು ಕೇಳಿದೆ.

“ಯಾತಕ್ಕೆ?”

ಹೇಳಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಅರಳಿತು.

“ಇಷ್ಟೇ ತಾನಾ? ಅದಕ್ಕೆ ಪೆಟ್ರೋಲ್ ಯಾಕಪ್ಪ ಸುಡಬೇಕು? ಬರಕೊಂಡು ಬಾ. ನಾನು ಸಹಿ ಹಾಕ್ತೇನೆ.”

ಇದರಲ್ಲಿ ಕಪಟವೇನೂ ಇರಲಿಲ್ಲ. ಒಬ್ಬ ಒಳ್ಳೆಯ ಹುಡುಗನಿಗೆ ಉಪಕಾರ ಮಾಡುತ್ತಿದ್ದೇನೆಂಬ ಸಂತೋಷವೇ ಆ ಮುಖದಲ್ಲಿತ್ತು. ಎರಡು ವರ್ಷ ಅವರನ್ನು ಹುಳದಂತೆ ಕಂಡಿದ್ದ ನಾನು ಆ ಕ್ಷಣದಲ್ಲಿ ಬೇಡ ಎಂದು ಒಂದು ಮಾತು ಆಡಬಹುದಿತ್ತು. “ಆಗಲಿ ಸರ್,” ಎಂದೆ.

ಅಂದು ಮೊದಲ ಬಾರಿಗೆ ನನ್ನನ್ನು ಬಂಗಲೆಯ ಒಳಗೆ, ಊಟದ ಮೇಜಿಗೆ ಕರೆದರು. ಬರೆಯಲು ಜಾಗ ಬೇಕಲ್ಲ. ಫ್ಯಾನಿನ ಕೆಳಗೆ ಕೂತು ಎಪ್ಪತ್ತು ಗಂಟೆ ಬರೆದೆ. ಎಲ್ಲ ಒಂದೇ ಸಲ ಬರೆದಂತೆ ಕಾಣಬಾರದೆಂದು ಎರಡು ಪೆನ್ನು, ಎರಡು ಬಗೆಯ ಶಾಯಿ ತಂದಿದ್ದೆ. ಮಧುರೆ, ಕೊಯಮತ್ತೂರು, ಬೆಂಗಳೂರು. ಬರೆಯುತ್ತಾ ಹೋದಂತೆ ಕೈ ಪಳಗಿತು, ಅಷ್ಟೇ ಅಲ್ಲ, ಖುಷಿಯಾಗತೊಡಗಿತು. ತಿರುಚ್ಚಿಯಲ್ಲಿ ಬಲವಾದ ಅಡ್ಡಗಾಳಿಯಲ್ಲಿ ಮೂರು ಬಾರಿ ಇಳಿಸಿದೆ ಎಂದು ಷರಾ ಬರೆದೆ. ಬೇಕಿರಲಿಲ್ಲ. ಬರೀ ಅಲಂಕಾರಕ್ಕೆ. ಯಜಮಾನರು ಬಂದು ಒಂದು ಪುಟವನ್ನೂ ಓದದೆ ಸಹಿ ಹಾಕಿ, “ಏರ್‌ಲೈನ್‌ಗೆ ಹೋದ ಮೇಲೆ ನಮ್ಮನ್ನ ಮರೀಬೇಡ,” ಎಂದರು. ಅಡುಗೆಯವರಿಂದ ಬಾದಾಮಿ ಹಾಲು ಕೊಡಿಸಿದರು. ಕುಡಿದೆ.

ಅರ್ಜಿಯ ಜೊತೆ ಕ್ಲಬ್ಬಿನ ಶಿಕ್ಷಕರ ಒಂದು ಪತ್ರ ಬೇಕಾಗಿತ್ತು. ಹೋದೆ. ಅವರು ಲಾಗ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ದಿನವೂ ಹ್ಯಾಂಗರಿನ ಬಾಗಿಲಲ್ಲಿ ಕೂರುವವರು. ಅದೇ ಹ್ಯಾಂಗರಿನಲ್ಲಿದ್ದ ಯಜಮಾನರ ವಿಮಾನ ಎಂದು ಹೊರಗೆ ಬಂತು, ಎಂದು ಬರಲಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಆ ಪುಟಗಳ ಹತ್ತಿರ ಬಂದಾಗ ಬೆರಳು ನಿಂತಿತು.

“ಒಳ್ಳೆ ಕೈಬರಹ ತಂಬಿ,” ಎಂದರು.

ಪತ್ರದಲ್ಲಿ ಈತ ನಮ್ಮಲ್ಲಿ ಕಲಿತದ್ದು ನಿಜ ಎಂದಷ್ಟೇ ಬರೆದುಕೊಟ್ಟರು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಪರೀಕ್ಷೆ ಮೀನಂಬಾಕ್ಕಂನಲ್ಲೇ ನಡೆಯಿತು, ಎರಡು ಸೀಟಿನ ಒಂದು ಪುಟ್ಟ ವಿಮಾನದಲ್ಲಿ. ಏರ್‌ಲೈನಿನ ಹಿರಿಯ ಕ್ಯಾಪ್ಟನ್ ಒಬ್ಬರು ಪರೀಕ್ಷಕರು. ನಮ್ಮಲ್ಲಿ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ ಬರುತ್ತಿದ್ದರು. ಇಂಗ್ಲಿಷಿನಲ್ಲೇ ಮಾತು, ಅದೂ ಬೇಕಾದಷ್ಟೇ. ನನಗಿಂತ ಮುಂಚೆ ಗೆಳೆಯ ಹೋಗಿ ಬಂದ. ಅವನ ಕುತ್ತಿಗೆ, ಮುಂಗೈ ಎಲ್ಲ ಬಿಸಿಲಿಗೆ ಕರಕಲಾಗಿತ್ತು. ಅಂಗಿ ಇಸ್ತ್ರಿ ಕಂಡಿರಲಿಲ್ಲ. ನನ್ನ ಬಿಳಿ ಅಂಗಿಯಲ್ಲಿ ನಿಂತು ಅವನನ್ನು ನೋಡಿ, ಪಾಪ, ಇವನನ್ನು ಯಾರು ಒಳಗೆ ಸೇರಿಸುತ್ತಾರೆ ಎಂದುಕೊಂಡೆ. ಅಂದೂ ನನಗೆ ಬುದ್ಧಿ ಬಂದಿರಲಿಲ್ಲ ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ.

ನನ್ನ ಸರದಿ ಬಂದಾಗ ಮಧ್ಯಾಹ್ನದ ಕಡಲಗಾಳಿ ಎದ್ದಿತ್ತು. ಕ್ಯಾಪ್ಟನ್ ನನ್ನ ಲಾಗ್‌ಬುಕ್ ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದರು.

“ತಿರುಚ್ಚಿಯಲ್ಲಿ ಅಡ್ಡಗಾಳಿಯಲ್ಲಿ ಮೂರು ಸಲ. ಭೇಷ್. ಇವತ್ತೂ ಅಂಥದೇ ಗಾಳಿಯಿದೆ. ಗಾಳಿಗೆ ಅಡ್ಡ ಇರೋ ರನ್‌ವೇ ತಗೊಳ್ಳೋಣ.”

ಗಾಳಿ ಪಕ್ಕದಿಂದ ಬರುವಾಗ ವಿಮಾನವನ್ನು ಇಳಿಸುವುದಕ್ಕೆ ಓದಿ ಬರುವ ವಿದ್ಯೆ ಸಾಲದು. ಕೈ, ಕಾಲು ಎರಡೂ ತಾವಾಗಿಯೇ ಉತ್ತರ ಕೊಡಬೇಕು. ಎರಡು ವರ್ಷ ಬೆಂಚಿನ ಮೇಲಿದ್ದ ಕಾಲುಗಳು ಏನು ಉತ್ತರ ಕೊಟ್ಟಾವು? ನೆಲ ಹತ್ತಿರವಾಗುತ್ತಿದ್ದಂತೆ ರನ್‌ವೇ ನನ್ನ ಕೆಳಗಿನಿಂದ ಪಕ್ಕಕ್ಕೆ ಜಾರಿಹೋಯಿತು. ಎಳೆದೆ, ತುಳಿದೆ. ಒಂದು ಚಕ್ರ ಹುಲ್ಲಿಗೆ ಬಡಿದು ವಿಮಾನ ಪುಟಿಯಿತು. ಆ ಹೊತ್ತಿಗೆ ಕ್ಯಾಪ್ಟನ್ ನನ್ನ ಕೈಯಿಂದ ಅದನ್ನು ತಗೊಂಡಾಗಿತ್ತು. ಮತ್ತೆ ಮೇಲಕ್ಕೇರಿಸಿ, ಒಂದು ಸುತ್ತು ಹಾಕಿ, ಅದೇ ಗಾಳಿಯಲ್ಲಿ ಸದ್ದಿಲ್ಲದೆ ಇಳಿಸಿದರು. ಇಂಜಿನ್ ಆರಿಸಿ ಲಾಗ್‌ಬುಕ್ಕಿನ ಆ ಪುಟ ತೆಗೆದು ನನ್ನ ಮುಂದೆ ಹಿಡಿದರು.

“ಈ ತಿರುಚ್ಚಿಗೆ ಹೋಗಿದ್ದವರು ಯಾರು?”

ಪುಟದಲ್ಲಿದ್ದ ನನ್ನದೇ ಅಕ್ಷರ ನೋಡಿದೆ.

“ನಿನ್ನ ಲೈಸೆನ್ಸ್ ರದ್ದು ಮಾಡಿಸಬಹುದು. ಅದಕ್ಕೆ ನಾನೊಂದು ಕಾಗದ ಬರೀಬೇಕು. ನಿನಗೋಸ್ಕರ ಕಾಗದ ಬರೆಯುವಷ್ಟು ಪುರುಸೊತ್ತು ನನಗಿಲ್ಲ. ಇಳಿ.”

ಇಳಿದೆ. ಜೀವಮಾನದಲ್ಲಿ ಬಹಳ ಬೈಗುಳ ತಿಂದಿದ್ದೇನೆ. ಅಷ್ಟು ಸಣ್ಣ ದನಿಯಲ್ಲಿ, ಅಷ್ಟು ಬೇಸರದಿಂದ ಯಾರೂ ಬೈದಿಲ್ಲ. ನಾನು ಊರೆಲ್ಲದರ ಮೇಲೆ ಸುರಿದಿದ್ದ ತಿರಸ್ಕಾರ ಎಂಥ ಹಗುರ ಸರಕು ಎಂದು ಆಗ ತಿಳಿಯಿತು. ಅವರದು ತೂಕವಿದ್ದದ್ದು.

ಕೆಲಸ ಬಿಡುತ್ತೇನೆಂದು ಹೇಳಲು ನುಂಗಂಬಾಕ್ಕಂಗೆ ಹೋದೆ. “ಯಾಕೆ? ನನ್ನ ಸಹಿ ಅವರಿಗೆ ಸಾಲಲಿಲ್ಲವಾ? ಬೇಕಾದ್ರೆ ಇನ್ನೊಂದು ಸಲ ಹಾಕ್ತೇನೆ,” ಎಂದರು ಯಜಮಾನರು. ಹದಿನೈದು ದಿನಗಳಲ್ಲಿ ಹೊಸ ಪೈಲಟ್ ಬಂದ. ನನ್ನ ಅಂಗಿಗಳನ್ನೇ ಪಾಂಡಿ ಬಜಾರಿನ ದರ್ಜಿ ಒಂದಿಷ್ಟು ಬಿಗಿಮಾಡಿ ಅವನಿಗೆ ತೊಡಿಸಿದನಂತೆ.

ಒಂದು ತಿಂಗಳು ಮನೆಯಲ್ಲಿದ್ದೆ. ಒಂದು ಭಾನುವಾರ ಗೆಳೆಯ ಬಂದ. ಅವನನ್ನು ಏರ್‌ಲೈನಿನವರು ತೆಗೆದುಕೊಂಡಿದ್ದರು. ಆ ವಿಷಯ ಎತ್ತದೆ ಅವ್ವ ಕೊಟ್ಟ ಅವಲಕ್ಕಿ ತಿಂದು, ಕೈ ತೊಳೆದು ಬಂದು ಹೇಳಿದ:

“ನನ್ನ ಜಾಗ ಖಾಲಿ ಉಂಟು. ಮ್ಯಾನೇಜರಿಗೆ ನಿನ್ನ ಹೆಸರು ಹೇಳಿದ್ದೇನೆ. ನಾಳೆಯೇ ಹೋಗು, ಇಲ್ಲದಿದ್ದರೆ ಬೇರೆಯವ ಬರ್ತಾನೆ.”

“ನಾನು ಅಲ್ಲಿ ಏನು ಮಾಡಿದೆ ಅಂತ ನಿನಗೆ ಗೊತ್ತಿದೆಯಾ?”

“ಗೊತ್ತುಂಟು.”

“ಮತ್ತೆ?”

“ಎಂತ ಮತ್ತೆ ಮಾರಾಯ? ಕೆಲಸ ಬೇಕಾ ಬೇಡವಾ ಹೇಳು,” ಎಂದ, ಸ್ವಲ್ಪ ರೇಗಿ.

ಹೀಗೆ ನಾನು ಮೂಗು ಮುಚ್ಚಿಕೊಂಡು ದೂರ ನಿಂತಿದ್ದ ಕೆಲಸಕ್ಕೆ, ಹೀಯಾಳಿಸಿದ್ದವನ ದಯೆಯಿಂದ ಸೇರಿದೆ. ಚೆಂಗಲ್‌ಪಟ್ಟು, ನೆಲ್ಲೂರು ಕಡೆಯ ಕಡಲೆಕಾಯಿ ಮತ್ತು ಭತ್ತದ ಹೊಲಗಳು. ಗಾಳಿ ಏಳುವ ಮೊದಲು, ಸೂರ್ಯ ಹುಟ್ಟುತ್ತಿದ್ದಂತೆ ಕೆಲಸ ಶುರು. ಹೊಲದ ಎರಡು ತುದಿಗಳಲ್ಲಿ ಕೋಲಿಗೆ ಬಿಳಿ ಪಂಚೆ ಕಟ್ಟಿ ಹಿಡಿದುಕೊಂಡು ಇಬ್ಬರು ರೈತರು ನಿಲ್ಲುತ್ತಿದ್ದರು. ಆ ಪಂಚೆಗಳ ಗುರಿ ಹಿಡಿದು ಪೈರಿನ ಮೇಲೆ ಒಂದಾಳೆತ್ತರದಲ್ಲಿ ಹಾರಬೇಕು, ತುದಿಯಲ್ಲಿ ತೆಂಗಿನ ಮರವೋ ತಂತಿಯೋ ಬಂದಾಗ ಎತ್ತಬೇಕು, ತಿರುಗಿಸಿ ಮತ್ತೆ ಇಳಿಯಬೇಕು. ರನ್‌ವೇ ಅಂದರೆ ಯಾವುದೋ ಮಣ್ಣಿನ ರಸ್ತೆ. ಗಾಳಿ ಯಾವ ಕಡೆಯಿಂದ ಬಂದರೂ ಅದೇ ರಸ್ತೆ. ಮೊದಲ ವಾರ ಪ್ರತಿ ಸಲವೂ ರಸ್ತೆಯ ಅಂಚಿಗೇ ಇಳಿಸುತ್ತಿದ್ದೆ. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಪಕ್ಕದ ಗಾಳಿಗೆ ಇಳಿಸಿ ನಿಲ್ಲಿಸಿದ ಮೇಲಷ್ಟೇ ಗಾಳಿಯಿತ್ತೆಂಬುದು ನೆನಪಾಯಿತು.

ಆ ಕೆಲಸವನ್ನು ಹೊಗಳುವ ಇರಾದೆ ನನಗಿಲ್ಲ. ಔಷಧಿಯ ವಾಸನೆ ತಲೆಗೂದಲಿಗೆ ಹತ್ತಿ ಹೋಗುತ್ತಿರಲಿಲ್ಲ. ಮಾಂಬಲಂಗೆ ಬಂದ ದಿನ ಅವ್ವ ನನ್ನನ್ನು ಕೆಳಗಿನ ನಲ್ಲಿಯ ಹತ್ತಿರವೇ ನಿಲ್ಲಿಸಿ, “ಅಲ್ಲೇ ಇರು, ಒಳಗ ಬರಬ್ಯಾಡ,” ಎಂದು ಸೀಗೆಕಾಯಿ ಪುಡಿ ತಂದು ತಲೆ ತಿಕ್ಕುತ್ತಿದ್ದಳು. ನಾವು ಪೈಲಟ್‌ಗಳು ಮೂಗಿಗೆ ಕರವಸ್ತ್ರವನ್ನಾದರೂ ಕಟ್ಟಿಕೊಳ್ಳುತ್ತಿದ್ದೆವು. ಡ್ರಮ್ಮಿನಲ್ಲಿ ಔಷಧಿ ಕಲಸುತ್ತಿದ್ದ ಆಳುಗಳಿಗೆ ಅದೂ ಇರಲಿಲ್ಲ, ಬರಿಗೈ, ಬರಿಮೈ. ಒಬ್ಬನಿಗೆ ಕೆಲಸದ ನಡುವೆಯೇ ಕೈ ನಡುಗಿ ಕಣ್ಣು ಕತ್ತಲೆಗಟ್ಟಿದ್ದನ್ನು ಕಂಡು ಮ್ಯಾನೇಜರಿಗೆ ಹೇಳಿದೆ. “ಅವರಿಗೆಲ್ಲ ಅಭ್ಯಾಸ ಆಗಿದೆ ಸಾರ್,” ಎಂದ. ಹೋಟೆಲಿನ ಗೆಳೆಯನಿಗೆ ನಾನಾಡಿದ್ದ ಮಾತೇ ಅದು. ಮ್ಯಾನೇಜರನ ಮುಖ ನೋಡುವುದಕ್ಕೆ ಹೇಸಿಗೆಯಾಯಿತು. ಆದರೆ ಮರುದಿನ ಬೆಳಿಗ್ಗೆ ಮತ್ತೆ ಹಾರಿದೆ. ನನಗೆ ಗಂಟೆಗಳು ಬೇಕಾಗಿದ್ದವು.

ಲಾಗ್‌ಬುಕ್ಕಿನ ವಿಷಯದಲ್ಲಿ ಒಂದು ಕೆಲಸ ಮಾಡಿದೆ. ಆ ಎಪ್ಪತ್ತು ಗಂಟೆಗಳ ಮೇಲೆ ಕೆಂಪು ಗೆರೆ ಎಳೆದು, ಇವು ಸುಳ್ಳು ಎಂದು ಬರೆದು ಸಹಿ ಮಾಡುವುದು ನೇರವಾದ ದಾರಿ. ಅಷ್ಟು ಎದೆಗಾರಿಕೆ ಇರಲಿಲ್ಲ. ಅದರ ಬದಲು, ಎಪ್ಪತ್ತು ಗಂಟೆ ತುಂಬುವತನಕ ಹಾರಿದ್ದನ್ನು ಬರೆಯದೆ ಬಿಟ್ಟೆ. ಎರಡು ತಿಂಗಳ ಹಾರಾಟ ನನ್ನ ಲಾಗ್‌ಬುಕ್ಕಿನಲ್ಲಿ ಇಲ್ಲ. ಇದನ್ನು ಪ್ರಾಯಶ್ಚಿತ್ತವೆಂದು ಯಾರಾದರೂ ಹೊಗಳಿದರೆ ನನಗೆ ನಗು ಬರುತ್ತದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಜೋಡಿಸಿ ಮೊತ್ತ ಸರಿಮಾಡಿದೆ, ಅಷ್ಟೆ. ಗುಮಾಸ್ತರ ಮನೆಯ ಬುದ್ಧಿ. ಅಪ್ಪನಿಗೆ ಒಮ್ಮೆ ಇದನ್ನು ಹೇಳಿದಾಗ, “ನಮ್ಮ ಆಫೀಸಿನ್ಯಾಗ ಹಿಂಗ ಮಾಡಿದ್ದರ 'ಡಿಸ್ಮಿಸ್' ಮಾಡತಿದ್ದರು,” ಎಂದು ಎದ್ದುಹೋದರು. ಅವರು ಹೇಳಿದ್ದು ಸರಿಯಿತ್ತು.

ಮೂರು ವರ್ಷದ ಮೇಲೆ ಮತ್ತೆ ಅರ್ಜಿ ಹಾಕಿದೆ. ಪರೀಕ್ಷಕರು ಅದೇ ಕ್ಯಾಪ್ಟನ್. ಕೂದಲು ಬೆಳ್ಳಗಾಗಿತ್ತು. ನನ್ನ ಗುರುತು ಸಿಗಲಾರದು ಎಂದುಕೊಂಡೆ. ಅವರು ಲಾಗ್‌ಬುಕ್ ತೆಗೆದು ನೇರವಾಗಿ ಆ ಪುಟಕ್ಕೇ ಹೋದರು. ನಂತರ ಮುಚ್ಚಿ ಸೀಟಿನ ಹಿಂದಕ್ಕೆ ಎಸೆದು, “ಹತ್ತು,” ಎಂದರು. ಒಂದು ಗಂಟೆ ಹಾರಿಸಿದೆ. ಅಡ್ಡಗಾಳಿಯಲ್ಲಿ ಇಳಿಸು ಎಂದರು, ಇಳಿಸಿದೆ. ಇನ್ನೊಮ್ಮೆ ಎಂದರು. ಮತ್ತೊಮ್ಮೆ.

“ಅಂತೂ ನೀನು ತಿರುಚ್ಚಿಗೆ ಹೋಗಿ ಬಂದೆ,” ಎಂದರು, ಬೆಲ್ಟ್ ಬಿಚ್ಚುತ್ತಾ.

“ಬಂದೆ ಸರ್.”

ಅವರು ಕೈ ಕುಲುಕಲಿಲ್ಲ. ನೇಮಕದ ಆದೇಶ ಮಾತ್ರ ತಿಂಗಳೊಪ್ಪತ್ತಿನಲ್ಲಿ ಅಂಚೆಯಲ್ಲಿ ಬಂತು.

ಏರ್‌ಲೈನ್ ಎಂದರೆ ಏನೋ ಎಂದುಕೊಂಡಿದ್ದೆ. ತರಬೇತಿ ಮುಗಿಸಿ ಮೊದಲ ಸಲ ಪ್ರಯಾಣಿಕರ ಡಕೋಟಾ ವಿಮಾನದಲ್ಲಿ ಸಹ ಪೈಲಟ್ ಆಗಿ ಬಲಗಡೆಯ ಸೀಟಿನಲ್ಲಿ ಕೂತಾಗ ನನಗೆ ಮೂವತ್ತು ಹತ್ತಿರವಾಗಿತ್ತು. ಮದರಾಸಿನಿಂದ ಬೆಂಗಳೂರಿಗೆ. ಎಡಗಡೆ ಕೂತಿದ್ದ ಕ್ಯಾಪ್ಟನ್ ಬೇರೆಯವರು, ನನ್ನ ಹೆಸರನ್ನೂ ಕೇಳಲಿಲ್ಲ. “ಚಕ್ರ ಎತ್ತು ಅಂದಾಗ ಎತ್ತು, ಇಳಿಸು ಅಂದಾಗ ಇಳಿಸು. ಮಧ್ಯೆ ಏನನ್ನೂ ಮುಟ್ಟಬೇಡ,” ಎಂದರು. ಚಕ್ರ ಎತ್ತಿದೆ. ಆಮೇಲೆ ಕೈಕಟ್ಟಿ ಕೂತೆ.

ಅರ್ಧ ದಾರಿಯಲ್ಲಿ ಅವರು ಒಂದು ಅಚ್ಚು ಹಾಕಿದ ಚೀಟಿ ಕೊಟ್ಟರು. ಎಷ್ಟು ಎತ್ತರದಲ್ಲಿದ್ದೇವೆ, ಎಷ್ಟು ವೇಗ, ಕೆಳಗೆ ಕಾಣುವ ಊರು ಯಾವುದು ಎಂದು ಸಹ ಪೈಲಟ್ ಅದರಲ್ಲಿ ತುಂಬಿಸಿ ಹಿಂದಕ್ಕೆ ಕಳಿಸಬೇಕು, ಪ್ರಯಾಣಿಕರು ಓದಿ ಕೈಯಿಂದ ಕೈಗೆ ದಾಟಿಸುತ್ತಾರೆ. ಆ ದಿನ ನನಗೆ ಸಿಕ್ಕ ದೊಡ್ಡ ಜವಾಬ್ದಾರಿ ಅದೇ. ಕೆಳಗೆ ಬಗ್ಗಿ ನೋಡಿ, ಖಾತ್ರಿ ಮಾಡಿಕೊಂಡು, ಕೋಲಾರದ ಗಣಿಗಳು ಬಲಗಡೆ ಕಾಣುತ್ತಿವೆ ಎಂದು ಅಚ್ಚುಕಟ್ಟಾಗಿ ಬರೆದು ಹೋಸ್ಟೆಸ್ ಕೈಗೆ ಕೊಟ್ಟೆ.

ಚೀಟಿ ಎಲ್ಲ ಸಾಲುಗಳನ್ನೂ ಸುತ್ತಿ ಇಳಿಯುವ ಮುಂಚೆ ಹಿಂದಿರುಗಿತು. ಅದರ ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಒಂದು ಸಾಲು ಗೀಚಿದ್ದರು: ‘ಕಾಫಿ ಆರಿಹೋಗಿದೆ.’

ಕ್ಯಾಪ್ಟನ್ನಿಗೆ ತೋರಿಸಿದೆ. ಅವರು ಓದಿ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು, ಹೊಟ್ಟೆ ಕುಲುಕುವಂತೆ ನಕ್ಕರು. ನನಗೂ ನಗು ಬಂತು. “ಚಕ್ರ ಇಳಿಸು,” ಎಂದರು.

ಇಳಿಸಿದೆ.